ವೇಣಿ ಅತ್ತೆಯ ರಜೆ

ಕರೆಂಟು ಹೋಗಿ ಫ್ಯಾನು ನಿಂತಿತೆಂದರೆ ವೇಣಿ ಅತ್ತೆಯ ಎದೆಯ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಟಿಕ್, ಟಿಕ್ ಎಂದು, ಕೈಗಡಿಯಾರವನ್ನು ಸ್ಟೀಲಿನ ತಟ್ಟೆಯ ಮೇಲೆ ಇಟ್ಟ ಹಾಗೆ. ಹೊಸಬರು ಯಾರಾದರೂ ಮನೆಗೆ ಬಂದಿದ್ದರೆ ಗೋಡೆಯ ಕಡೆ ನೋಡುತ್ತಿದ್ದರು. ಗೋಡೆಯ ಮೇಲೆ ಗಡಿಯಾರ ಇರುತ್ತಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, "ಅದು ನಾನೇ. ನೀವು ಕೂತ್ಕೊಳ್ಳಿ" ಎನ್ನುತ್ತಿದ್ದರು.

ನಾಗವೇಣಿ ಎಂಬುದು ಅವರ ಪೂರ್ತಿ ಹೆಸರು. ನನ್ನ ಅಪ್ಪನ ತಂಗಿ. ಚಿಕ್ಕವರಿದ್ದಾಗ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತಂತೆ. ಜ್ವರ ಹೋಯಿತು, ಆದರೆ ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿಟ್ಟು ಹೋಯಿತು. ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಅವರಿಗೆ ಕೆಂಚಾರ್ಲಹಳ್ಳಿಯ ನಮ್ಮ ಮನೆಯಿಂದ ಬಾವಿಯವರೆಗೆ ನಡೆಯುವುದೂ ಕಷ್ಟವಾಗಿತ್ತು. ಬೆಂಗಳೂರಿನಲ್ಲಿ ಎದೆ ಸೀಳಿ, ಕೆಟ್ಟ ಕವಾಟ ತೆಗೆದು, ಲೋಹದ್ದೊಂದನ್ನು ಕೂರಿಸಿದರು. ಅದು ಮುಚ್ಚಿಕೊಳ್ಳುವಾಗ ಆಗುವ ಸದ್ದೇ ನಾವು ಕೇಳುತ್ತಿದ್ದದ್ದು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು, ರಕ್ತವನ್ನು ತೆಳುವಾಗಿಡುವ ಮಾತ್ರೆಯೊಂದನ್ನು ಬದುಕಿರುವವರೆಗೂ ನುಂಗಬೇಕೆಂದರು. ಅತ್ತೆ ಅದನ್ನು ಬರೀ "ನನ್ ಮಾತ್ರೆ" ಎನ್ನುತ್ತಿದ್ದರು. ಮಿಕ್ಕ ಮಾತ್ರೆಗಳಿಗೆ ಹೆಸರಿರುತ್ತಿತ್ತು.

ಇಷ್ಟೆಲ್ಲ ತಿಳಿದೂ ಅವರನ್ನು ಮದುವೆಯಾದವರು ಕೃಷ್ಣಪ್ಪ ಮಾವ. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಮನೆಮಾತು ತೆಲುಗು. ಕನ್ನಡ ಮಾತಾಡಿದರೂ ತೆಲುಗಿನ ರಾಗ ಹೋಗುತ್ತಿರಲಿಲ್ಲ. "ಗಾಡಿ ಓಡ್ಸೋನ್ಗೆ ಇಂಜಿನ್ ಸದ್ದು ಕೇಳ್ತಾ ಇದ್ರೇನೇ ಕಣಮ್ಮ ಧೈರ್ಯ" ಎಂದು ನನ್ನ ಮುಂದೆಯೇ ಅತ್ತೆಯನ್ನು ಛೇಡಿಸುತ್ತಿದ್ದರು. ಅತ್ತೆ ನಕ್ಕರೂ ಆ ಸದ್ದಿನ ಬಗ್ಗೆ ಅವರಿಗೆ ಒಳಗೊಳಗೇ ಸಂಕೋಚವಿತ್ತು. ಹೊಲಿಗೆ ಕಲಿಸುವ ಕೆಲಸ ಹಿಡಿದದ್ದೂ ಅದಕ್ಕೇ ಎಂದು ಒಮ್ಮೆ ಹೇಳಿದ್ದರು. ನಾಲ್ಕಾರು ಮಿಷನ್ನುಗಳು ಒಟ್ಟಿಗೆ ಓಡುವ ಕೋಣೆಯಲ್ಲಿ ಯಾರ ಎದೆಯೂ ಯಾರಿಗೂ ಕೇಳಿಸುವುದಿಲ್ಲ.

ಕಾಲೇಜು ಓದುವಾಗ ನಾನು ಚಿಂತಾಮಣಿಯಲ್ಲಿ ಅವರ ಮನೆಯಲ್ಲೇ ಇದ್ದೆ. ಆ ಮಾತ್ರೆಯೊಂದಿಗೆ ಸಂಸಾರ ಮಾಡುವುದೆಂದರೇನೆಂದು ಅಲ್ಲಿ ನೋಡಿದೆ. ನಮ್ಮ ಕಡೆ ಸೊಪ್ಪಿಲ್ಲದೆ ದಿನ ಕಳೆಯುವುದಿಲ್ಲ. ಮಳೆ ಬಿದ್ದರೆ ಹೊಲದ ಬದುಗಳಿಂದ ಬೆರಕೆ ಸೊಪ್ಪು ಕಿತ್ತು ತಂದು ಮಸೊಪ್ಪು ಮಾಡುತ್ತಾರೆ, ಮುದ್ದೆ ತಾನಾಗಿ ಇಳಿಯುತ್ತದೆ. ಸೊಪ್ಪು ಹೆಚ್ಚಾದರೆ ಅತ್ತೆಯ ಮಾತ್ರೆ ಕೆಲಸ ಮಾಡುತ್ತಿರಲಿಲ್ಲ. ಹಾಗೆಂದು ಪೂರ್ತಿ ಬಿಟ್ಟರೆ ಮಾತ್ರೆಯ ಕೈ ಮೇಲಾಗಿ ರಕ್ತ ನೀರಾಗುತ್ತಿತ್ತು. ದಿನಕ್ಕೊಂದು ಸೌಟು ಸೊಪ್ಪು, ಹೆಚ್ಚಿಲ್ಲ, ಕಡಿಮೆಯಿಲ್ಲ. ನೆಂಟರ ಮನೆಗೆ ಹೋದಾಗ ಇದೇ ದೊಡ್ಡ ಜಗಳ. "ಇನ್ನೊಂದು ಸೌಟು ಹಾಕಿಸ್ಕೊಳ್ಳೇ, ಸೊಪ್ಪು ತಿಂದೋರು ಯಾರು ಸತ್ತವ್ರೆ?" ಎಂದು ಒತ್ತಾಯ ಮಾಡುವರು. ಅತ್ತೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ನಾನಕ್ಕ, ನಾನು ಸಾಯ್ತೀನಿ" ಎನ್ನುವರು. ಬಡಿಸುವವರು ಹೆದರಿ ಹಿಂದೆ ಸರಿಯುವರು.

ಆದರೆ ಅವರನ್ನು ನಿಜವಾಗಿ ಹೆದರಿಸಿದ್ದು ಒಂದು ನೋವಿನ ಮುಲಾಮು. ಮಿಷನ್ ತುಳಿದು ತುಳಿದು ಮಂಡಿ ಹಿಡಿದುಕೊಂಡಿತ್ತು. ನೋವಿನ ಮಾತ್ರೆ ತಮಗೆ ಆಗದೆಂದು ಗೊತ್ತಿತ್ತು, ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ನೂರಮ್ಮ ಪ್ರೀತಿಯಿಂದ ಮುಲಾಮಿನ ಡಬ್ಬಿ ತಂದುಕೊಟ್ಟು, "ಹೊಟ್ಟೆಗೆ ಹೋಗೋದಲ್ವಲ್ಲ ವೇಣಿ, ಚೆನ್ನಾಗಿ ತಿಕ್ಕು" ಎಂದರು. ಅತ್ತೆ ಬೆಳಗ್ಗೆ ಸಂಜೆ ತಿಕ್ಕಿದರು. ಕೆಲವು ವಾರಗಳಲ್ಲಿ ಹಲ್ಲುಜ್ಜಿದರೆ ವಸಡಿನಿಂದ ರಕ್ತ, ಬಟ್ಟೆ ಒಗೆದರೆ ತೋಳಿನ ಮೇಲೆ ನೇರಳೆ ಕಲೆ. ಡಾಕ್ಟರು ಏನೇನು ತಿಂದಿರೆಂದು ಕೇಳಿ ಕೇಳಿ ಸುಸ್ತಾದರು. ಕೊನೆಗೆ ಅತ್ತೆಯ ಸೀರೆಯಿಂದ ಬರುತ್ತಿದ್ದ ವಾಸನೆ ಹಿಡಿದು, "ಏನು ಹಚ್ತಾ ಇದ್ದೀರಿ?" ಎಂದರು. ಹಚ್ಚಿದ್ದು ಚರ್ಮದಿಂದ ಇಳಿದು ಮಾತ್ರೆಯ ಜೊತೆ ಸೇರಿಕೊಂಡಿತ್ತು.

ಅಲ್ಲಿಂದ ಅತ್ತೆ ಯಾವುದನ್ನೂ ನಂಬಲಿಲ್ಲ. ಕೆಮ್ಮಿನ ಕಷಾಯ, ಯಾರೋ ತಂದುಕೊಟ್ಟ ಬೇರಿನ ಪುಡಿ, ಶಕ್ತಿಯ ಮಾತ್ರೆ, ಎಲ್ಲಕ್ಕೂ ಒಂದೇ ಪ್ರಶ್ನೆ: "ಇದು ನನ್ ಮಾತ್ರೆ ಜೊತೆ ಹೊಂದ್ಕೊಳ್ತದಾ?" ಹಲ್ಲಿನ ಡಾಕ್ಟರಿಗೆ, ಕಣ್ಣಿನ ಡಾಕ್ಟರಿಗೆ, ಮೂಗು ಚುಚ್ಚುವವನಿಗೆ ಕೂಡ ನಮಸ್ಕಾರಕ್ಕೆ ಮೊದಲೇ, "ನಾನು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋಳು" ಎನ್ನುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗಡಿಬಿಡಿಯಲ್ಲಿ ಆ ಮನೆಯ ಯಜಮಾನಿತಿಗೂ ಹಾಗೆಯೇ ಪರಿಚಯ ಹೇಳಿಕೊಂಡುಬಿಟ್ಟರು. ಆಕೆ ತಬ್ಬಿಬ್ಬಾಗಿ, "ಸಂತೋಷ ಕಣಮ್ಮ" ಎಂದರು. ಆ ಸಂಬಂಧ ಕೂಡಿಬಂತು. ಗೌರಿಬಿದನೂರಿಗೆ ಸೊಸೆಯಾಗಿ ಹೋದ ಮೇಲೂ ನನ್ನ ಅತ್ತೆಮನೆಯಲ್ಲಿ ಈ ಮಾತು ಬಹಳ ಕಾಲ ನಗೆಗೆ ವಸ್ತುವಾಗಿತ್ತು.

ಒಂದು ಸಂಗತಿಯನ್ನು ಮಾತ್ರ ವೇಣಿ ಅತ್ತೆ ನಗೆ ಮಾಡಲಿಲ್ಲ. ನನ್ನ ಮಗಳು ಹುಟ್ಟಿದ ವರ್ಷ, ಬೆಂಗಳೂರಿನಿಂದ ಬಸ್ಸಿನಲ್ಲಿ ವಾಪಸಾಗುವಾಗ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಾವಾಗಿಯೇ ಹೇಳಿದರು. ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಒಳ್ಳೆಯದಲ್ಲವಂತೆ. ಮಾತ್ರೆ ಬಿಟ್ಟರೆ ಕವಾಟ ಕಟ್ಟಿಕೊಳ್ಳುವ ಭಯ. ಮಾತ್ರೆಯ ಬದಲು ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಒಮ್ಮೆ ಪ್ರಯತ್ನ ಮಾಡಿದರು. ನಾಲ್ಕನೆಯ ತಿಂಗಳಿನಲ್ಲಿ ಹೋಯಿತು, ಜೊತೆಗೆ ಅವರೂ ಹೋಗುವುದರಲ್ಲಿದ್ದರು. "ನಿಮ್ಮ ಮಾವ ಆಸ್ಪತ್ರೇಲೇ ಹೇಳ್ಬಿಟ್ರು, ಪೋನಿ ವೇಣಿ, ಹೋಗ್ಲಿ ಬಿಡು, ನಮಗೆ ನಾವೇ ಸಾಕು ಅಂತ. ಆಮೇಲೆ ಒಂದಿನಾನೂ ಆ ಮಾತು ಎತ್ತಿಲ್ಲ ಕಣೇ. ಎತ್ತಿದ್ರೆ ನಾನೂ ಅತ್ತು ಹಗುರ ಆಗ್ತಿದ್ನೇನೋ." ಇಷ್ಟು ಹೇಳಿ ಮಗುವಿನ ಟೋಪಿ ಸರಿಮಾಡಿ ಕಿಟಕಿಯಾಚೆ ನೋಡುತ್ತ ಕೂತರು.

ಎರಡು ವರ್ಷದ ಹಿಂದೆ ಅವರಿಗೆ ಕೆಮ್ಮು ಹಿಡಿಯಿತು. ಬಟ್ಟೆಯ ಧೂಳಿರಬೇಕೆಂದು ಸುಮ್ಮನಿದ್ದರು. ಸಂಜೆ ಹೊತ್ತು ಜ್ವರ, ಸೊರಗುತ್ತಿರುವ ಮೈ ನೋಡಿ ಮಾವ ಪರೀಕ್ಷೆ ಮಾಡಿಸಿದರು. ಕ್ಷಯ ಎಂದು ಬಂತು. ಚಿಕಿತ್ಸೆ ಶುರುಮಾಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಿಳಿದವರು. ಅತ್ತೆ ತಮ್ಮ ಪರಿಚಯ ಹೇಳಿದೊಡನೆ, ಇದನ್ನು ನಿಮ್ಮ ಹೃದಯದ ಡಾಕ್ಟರಿಗೆ ತಿಳಿಸದೆ ಒಂದು ದಿನವೂ ಇರಬೇಡಿ ಎಂದು ಕಳಿಸಿದರು.

ಬೆಂಗಳೂರಿಗೆ ಆ ಸಲ ಜೊತೆಯಲ್ಲಿ ಹೋದವಳು ನಾನು. ಹೃದಯದ ಡಾಕ್ಟರು ವಿವರಿಸಿದ್ದು ನನಗಿನ್ನೂ ನೆನಪಿದೆ. "ಈ ಕ್ಷಯದ ಮಾತ್ರೆ ನಿಮ್ಮ ಲಿವರನ್ನ ಜೋರಾಗಿ ಕೆಲಸಕ್ಕೆ ಹಚ್ಚುತ್ತೆ ತಾಯಿ. ಅದು ನಿಮ್ಮ ಹಳೇ ಮಾತ್ರೇನ ಬೇಗ ಬೇಗ ಕರಗಿಸಿಬಿಡುತ್ತೆ. ಅದಕ್ಕೆ ನಿಮ್ಮ ಮಾತ್ರೆ ಜಾಸ್ತಿ ಮಾಡ್ತಾ ಹೋಗಬೇಕು. ಆದ್ರೆ ಕ್ಷಯದ ಕೋರ್ಸು ಮುಗಿದ ಮೇಲೆ ಹುಷಾರು. ಲಿವರ್ ನಿಧಾನಕ್ಕೆ ಮೊದಲಿನ ಹಾಗಾಗುತ್ತೆ. ಆಗ ಈ ಜಾಸ್ತಿ ಮಾಡಿರೋ ಮಾತ್ರೇನೇ ಅಪಾಯ. ವಾರವಾರ ರಕ್ತ ತೋರಿಸಿ ಇಳಿಸ್ತಾ ಬರಬೇಕು. ಮರೀಬಾರದು."

"ಮರೀತೀನಾ ಡಾಕ್ಟ್ರೇ?" ಎಂದು ಅತ್ತೆ ನಕ್ಕರು. "ನಂಗೆ ಬೇರೆ ಏನು ಕೆಲ್ಸ ಇದೆ?"

ಆ ತಿಂಗಳುಗಳು ಅವರನ್ನು ಅರ್ಧ ಮಾಡಿದವು. ಕ್ಷಯದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ತಮ್ಮ ಮಾತ್ರೆಯನ್ನು ಎಷ್ಟು ಏರಿಸಿದರೂ ರಕ್ತ ತೆಳುವಾಗದು. ಮತ್ತೆ ಪರೀಕ್ಷೆ, ಮತ್ತೆ ಏರಿಕೆ. ರಕ್ತ ತೆಗೆದು ತೆಗೆದು ಮೊಣಕೈ ಒಳಭಾಗದಲ್ಲಿ ನರ ಸಿಗುತ್ತಿರಲಿಲ್ಲ. ಕೊನೆಕೊನೆಗೆ ಮುಂಗೈ ಹಿಂಭಾಗದಲ್ಲಿ ಚುಚ್ಚುತ್ತಿದ್ದರು. ಹೊಲಿಗೆಯ ತರಗತಿ ಮುಚ್ಚಿತು. ಫೋನು ಮಾಡಿದರೆ ಮೊದಲಿನ ತಮಾಷೆ ಇರಲಿಲ್ಲ. "ಊಟ ಆಯ್ತಾ ಪುಟ್ಟಿ? ಆಯ್ತು, ಇಡ್ತೀನಿ" ಎಂದು ಮುಗಿಸುತ್ತಿದ್ದರು.

ಕೋರ್ಸು ಮುಗಿಯಿತು. ಮುಗಿದ ವಾರ ರಕ್ತ ತೋರಿಸಿದರು, ಎಲ್ಲ ಸರಿಯಾಗಿಯೇ ಇತ್ತು. ಮುಂದಿನ ವಾರ ಮತ್ತೆ ಬನ್ನಿ ಎಂದರು. ಅತ್ತೆ ಅಲ್ಲಿಂದ ನೇರ ತವರಿಗೆ, ಕೆಂಚಾರ್ಲಹಳ್ಳಿಗೆ ಬಂದರು. ವಾರ ಮುಗಿಯುವ ಹೊತ್ತಿಗೆ ನಾನೂ ಪಾಠ ಮಾಡುವ ಶಾಲೆಗೆ ರಜೆ ಹಾಕಿ ಮಗಳೊಂದಿಗೆ ಬಂದೆ.

ಮನೆಯಲ್ಲಿ ರೇಷ್ಮೆ ಗೂಡು ಬಿಡಿಸುವ ದಿನವದು. ಅಂಗಳದ ತುಂಬ ಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿಟ್ಟು, ಅಮ್ಮ ಮತ್ತು ಬೀದಿಯ ಹೆಂಗಸರು ಹಳದಿ ಗೂಡುಗಳನ್ನು ಕಿತ್ತು ಮಂಕರಿಗೆ ಹಾಕುತ್ತಿದ್ದರು. ಅತ್ತೆ ಬೇಡವೆಂದರೂ ಕೇಳದೆ ಅವರ ನಡುವೆ ಹೋಗಿ ಕುಳಿತರು. ಹುಡುಗಿಯಾಗಿದ್ದಾಗ ತಮ್ಮಷ್ಟು ಬೇಗ ಗೂಡು ಬಿಡಿಸುವವರು ಊರಲ್ಲೇ ಇರಲಿಲ್ಲವೆಂದು ಜಂಬ ಕೊಚ್ಚಿದರು. ನನ್ನ ಮಗಳ ತಲೆಯ ಮೇಲೆ ಗೂಡು ಸುರಿದರು. ಮಧ್ಯಾಹ್ನ ಮುದ್ದೆಗೆ ತಾವೇ ಕೈಚಾಚಿ ಇನ್ನಷ್ಟು ಸಾರು ಹಾಕಿಸಿಕೊಂಡರು. ಅಮ್ಮ ನನ್ನ ಮುಖ ನೋಡಿದರು. ಅತ್ತೆ ಇಷ್ಟು ಜೋರಾಗಿ ನಗುವುದನ್ನು ನಾನು ಕೇಳಿರಲೇ ಇಲ್ಲ.

ಸಂಜೆ ಮಾವ ಡ್ಯೂಟಿ ಮುಗಿಸಿ ಬಂದಾಗಲೂ ಅತ್ತೆ ಗೂಡು ಬಿಡಿಸುತ್ತ ನಗುತ್ತಲೇ ಇದ್ದರು. ಮಾವ, "ನಾಳೆ ರಕ್ತ ಕೊಡೋ ದಿನ ವೇಣಿ. ಬೆಳಗ್ಗೆನೇ ಹೋಗಣ" ಎಂದರು.

"ನಾನು ಬರಲ್ಲ."

"ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಹೋದ ವಾರ ಸರಿಯಾಗಿತ್ತಲ್ಲ? ಒಂದೆರಡು ವಾರ ನನ್ ಕೈ ನಂಗೆ ಬಿಟ್ಬಿಡಿ."

ನಾನು ಮಧ್ಯೆ ಬಾಯಿ ಹಾಕಿ, "ಅತ್ತೆ, ಡಾಕ್ಟರು ಅಷ್ಟು ಹೇಳಿದ್ದಾರೆ. ಮಾವನ ಜೊತೆ ಹೋಗಿ ಸಂಜೆಗೆ ವಾಪಸ್ ಬನ್ನಿ" ಎಂದೆ.

ಅತ್ತೆ ಸಿಟ್ಟಾಗಲಿಲ್ಲ. ಕಪ್ಪುಗಟ್ಟಿದ್ದ ಮುಂಗೈಯನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತ ಹೇಳಿದರು: "ಇಷ್ಟು ವರ್ಷ ಬಾಯಿಗೆ ಹಾಕೋದೆಲ್ಲ ಕೇಳ್ಕೊಂಡು ಕೇಳ್ಕೊಂಡು ಹಾಕಿದೀನಿ ಕಣಮ್ಮ. ಒಂದು ಮಾತ್ರೆಗೆ ಇನ್ನೊಂದು ಆಗಲ್ಲ, ಅದಕ್ಕೆ ಸೊಪ್ಪು ಆಗಲ್ಲ, ಮಗು ಆಗಲ್ಲ. ಎಲ್ರೂ ಜಗಳ ಆಡೋ ಮನೇಲಿ ನಾನೊಬ್ಳೇ ರಾಜಿ ಮಾಡಿಸ್ಕೊಂಡು ಕೂತಂಗೆ. ನಂಗೂ ಒಂದು ರಜಾ ಬೇಡ್ವಾ?"

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು, "ಸರಿ, ಮುಂದಿನ ವಾರ ಹೋಗಣ" ಎಂದರು. ಮುಂದಿನ ವಾರವೂ ಅತ್ತೆ ಒಪ್ಪಲಿಲ್ಲವಂತೆ. ಅಷ್ಟರಲ್ಲಿ ನಾನು ಗೌರಿಬಿದನೂರಿಗೆ ಮರಳಿದ್ದೆ. ಹೊರಡುವಾಗ ಅತ್ತೆ ಬಸ್ಸು ನಿಲ್ಲುವ ಹುಣಸೆಮರದವರೆಗೆ ನಡೆದು ಬಂದು, ಮಗಳ ಕೈಗೆ ಕಡಲೆಕಾಯಿಯ ಪೊಟ್ಟಣ ಕೊಟ್ಟು, ದಾರಿಯಲ್ಲಿ ಸಿಪ್ಪೆ ಬಸ್ಸಿನೊಳಗೆ ಹಾಕಬೇಡ, ನಿಮ್ಮ ಡ್ರೈವರ್ ತಾತ ಬೈತಾರೆ ಎಂದರು. ಅವರೊಂದಿಗೆ ಮಾತಾಡಿದ್ದು ಅದೇ ಕೊನೆ.

ಒಂದು ಬೆಳಗ್ಗೆ ತಲೆ ಸಿಡಿಯುತ್ತಿದೆ ಎಂದರಂತೆ. ಅಮ್ಮ ಕಾಫಿ ಕಾಯಿಸುವಷ್ಟರಲ್ಲಿ ಮಾತು ತೊದಲಿತು, ಬಲಗೈ ಬಿದ್ದುಹೋಯಿತು. ಚಿಂತಾಮಣಿಯ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ನಾನು ಹೋಗಿ ತಲುಪಿದಾಗ ಕಣ್ಣು ಮುಚ್ಚಿದ್ದರು, ಕೈ ಹಿಡಿದರೆ ಬೆಚ್ಚಗಿತ್ತು. ತಲೆಯೊಳಗೆ ರಕ್ತಸ್ರಾವವಾಗಿದೆ, ಏರಿಸಿದ ಮಾತ್ರೆಯನ್ನು ಇಳಿಸದೇ ಹೋದದ್ದರಿಂದ ರಕ್ತ ವಿಪರೀತ ತೆಳುವಾಗಿಬಿಟ್ಟಿದೆ ಎಂದರು ಅಲ್ಲಿನವರು. ಕ್ಷಯ ಪೂರ್ತಿ ವಾಸಿಯಾಗಿತ್ತು. ಮೂರನೆಯ ದಿನ ಅತ್ತೆ ಹೋದರು.

ಅಪ್ಪ ಬಹಳ ದಿನ ಮಾವನ ಮೇಲೆ ಕೋಪ ಇಟ್ಟುಕೊಂಡಿದ್ದರು. ಕೈಹಿಡಿದು ಎಳೆದುಕೊಂಡು ಹೋಗಬೇಕಾಗಿತ್ತು, ಇವನಿಗೇನಾಗಿತ್ತು ಎಂದು ನನ್ನ ಮುಂದೆ ಅನ್ನುತ್ತಿದ್ದರು. ಮಾವನಿಗೆ ಅದು ಗೊತ್ತಿತ್ತು. ಅವರು ಕೆಂಚಾರ್ಲಹಳ್ಳಿಗೆ ಬರುವುದು ನಿಂತುಹೋಯಿತು.

ಈಚೆಗೆ ಚಿಂತಾಮಣಿಗೆ ಹೋಗಿದ್ದಾಗ ಅವರ ಮನೆಗೆ ಹೋದೆ. ಹೊಲಿಗೆ ಮಿಷನ್ನುಗಳನ್ನು ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಕೊಟ್ಟುಬಿಟ್ಟಿದ್ದರು. ಖಾಲಿ ಕೋಣೆಯಲ್ಲಿ ಅಕ್ಕಿ ಮೂಟೆ ಇತ್ತು. ಮಾವ ಅನ್ನ, ಮೊಟ್ಟೆ ಸಾರು ಮಾಡಿ ಬಡಿಸಿದರು. ತಾವು ಊಟಕ್ಕೆ ಕೂರಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಬ್ಯಾಗು ಹಿಡಿದು ಬಂದು, ಪರಿಚಯದ ಕಂಡಕ್ಟರಿಗೆ ಹೇಳಿ ಕಿಟಕಿ ಪಕ್ಕದ ಸೀಟು ಕೊಡಿಸಿದರು. ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡು ಕೇಳಿದರು:

"ಪುಟ್ಟಿ, ನೀನೂ ಅಲ್ಲೇ ಇದ್ದೆ. ಅವತ್ತು ಗೂಡು ಬಿಡಿಸ್ತಾ ಹೆಂಗೆ ನಗ್ತಾ ಇದ್ಲು, ನೋಡ್ದೆ ತಾನೆ? ನಾನು ಕಟ್ಕೊಂಡ ಮೇಲೆ ಅವ್ಳು ಹಂಗೆ ನಕ್ಕಿದ್ದೇ ಇಲ್ಲಮ್ಮ. ಅಷ್ಟು ದಿನಕ್ಕೆ ಒಂದು ಸಲ ನಗ್ತಾ ಅವ್ಳೆ, ಎಬ್ಬಿಸ್ಕೊಂಡು ಸೂಜಿ ಚುಚ್ಸಕ್ಕೆ ಕರ್ಕೊಂಡು ಹೋಗೋಕೆ ಮನಸ್ಸು ಬರ್ಲಿಲ್ಲ. ಬಲವಂತ ಮಾಡ್ಬೇಕಾಗಿತ್ತಾ? ನೀನು ಓದಿರೋಳು, ಹೇಳಮ್ಮ."

ಮಾಡಬೇಕಾಗಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಕಾಗಿರಲಿಲ್ಲ ಎಂದರೆ ಅದು ಸುಳ್ಳೆಂದು ಅವರಿಗೇ ಗೊತ್ತಾಗುತ್ತಿತ್ತು. ಕಂಡಕ್ಟರು ಸೀಟಿ ಊದಿದ. ಬಸ್ಸು ಹಿಂದಕ್ಕೆ ಬಂದು, ತಿರುಗಿ, ಮೆಲ್ಲಗೆ ಹೊರಟಿತು. ಮಾವ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಯಲ್ಲೇ ನಡೆದರು, ನನ್ನ ಮುಖವನ್ನೇ ನೋಡುತ್ತ, ನಾನೀಗ ಏನಾದರೂ ಹೇಳುತ್ತೇನೆಂದು.