ಗಂಟಲು ಕಟ್ಟಿದ ದಿನಗಳು

ಮಳೆಗಾಲದ ಕೊನೆಗೆ ನನ್ನ ದನಿ ಹೋಯಿತು. ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಕೂಗಿ ಕೂಗಿ ಪಾಠ ಹೇಳುವವಳು ನಾನು; ಹೊರಗೆ ರಿಕ್ಷಾಗಳ ಗದ್ದಲ, ಒಳಗೆ ಮಕ್ಕಳದು. ಕ್ಯಾಂಪ್ ಬಡಾವಣೆಯ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ತಾವು ಹೇಳುವವರೆಗೂ ಪಿಸುಗುಟ್ಟಲೂ ಕೂಡದು ಎಂದರು. ಪಕ್ಕದ ತರಗತಿಯ ಮಾಸ್ತರರಿಗೆ ಅದೇ ಹಬ್ಬ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರ. ಭಾಳ ಶ್ರೀಮಂತರಾದ್ರಿ ಬಾಯಾರ," ಎಂದರು. ತಿರುಗಿ ಹೇಳಲಾಗದೆ ಮೈಯೆಲ್ಲ ಉರಿಯಿತು.

ಆದರೂ ರಜೆ ಹಾಕಲಿಲ್ಲ. ಕಾರಣ, ಕೊನೆಯ ಸಾಲಿನ ಹುಡುಗಿ. ಯಾದಗಿರಿ ಕಡೆಯಿಂದ ಬಂದು ಬಿಬವೇವಾಡಿಯಲ್ಲಿ ಕಟ್ಟಡದ ಕೆಲಸ ಮಾಡುವವರ ಮಗಳು. ಅವಳ ಅಪ್ಪ ಬಂದು ಹೇಳಿಹೋಗಿದ್ದ: "ದೀವಳಿಗಿತನಕ ನೋಡ್ತೀನ್ರಿ. ಓದಾಕ ಬರಲಿಲ್ಲಂದ್ರ ಮನ್ಯಾಗ ತಮ್ಮನ್ನ ನೋಡ್ಕೊಂಡು ಇರ್ಲಿ." ನನಗೋ ಒಗಟು. ಪಾಠ ಒಪ್ಪಿಸು ಎಂದರೆ ಹುಡುಗಿ ತಪ್ಪಿಲ್ಲದೆ ಹೇಳುತ್ತಾಳೆ, ಹೊಸ ಪುಟ ತೆರೆದರೆ ತುಟಿಪಿಟಕ್ಕೆನ್ನುವುದಿಲ್ಲ.

ಫೋನಿನಲ್ಲಿದ್ದ ಎಐಯನ್ನು ಸ್ಪೀಕರಿಗೆ ಜೋಡಿಸಿ ತರಗತಿಗೆ ತಂದೆ. ನಾನು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತಿತ್ತು, ಮಕ್ಕಳ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತಿತ್ತು. ಒಬ್ಬ, ನೀನು ವಡಾಪಾವ್ ತಿನ್ನುತ್ತೀಯಾ ಎಂದು ಕೇಳಿದ. ನನಗೆ ಬಾಯಿಲ್ಲ ಎಂದಿತು. ಹಾಗಾದರೆ ಅದಕ್ಕೂ ಡಾಕ್ಟರು ಬೇಕು ಎಂದು ಅವನು ತೀರ್ಪು ಕೊಟ್ಟ.

ಸುಳ್ಳೇಕೆ, ನನಗೂ ಅದರ ಮೇಲೆ ಕುತೂಹಲ ಹುಟ್ಟಿತ್ತು. ಕೇಳಿದ್ದನ್ನೇ ಎಷ್ಟು ಸಲ ಕೇಳಿದರೂ ಅದಕ್ಕೆ ಸಿಟ್ಟಿಲ್ಲ; ನನಗಿದೆ. ಆದರೆ ಕೇಳಿದವರಿಗಷ್ಟೇ ಅದರ ಉತ್ತರ. ಕೊನೆಯ ಸಾಲು ಏನನ್ನೂ ಕೇಳಲಿಲ್ಲ.

ಅದು ಪಾಠಪುಸ್ತಕದ ಕತೆ ಓದುತ್ತಿರುವಾಗ ನಾನು ಹೋಗಿ ಹುಡುಗಿಯ ಪಕ್ಕ ನೆಲದ ಮೇಲೆ ಕೂತೆ. ಅವಳ ತುಟಿ ಅಲ್ಲಾಡುತ್ತಿತ್ತು, ಬೆರಳು ಪುಸ್ತಕದ ಮೇಲೆ ಸರಿಯುತ್ತಿತ್ತು. ಆದರೆ ಬೆರಳಿದ್ದದ್ದು ಬೇರೆಯೇ ಸಾಲಿನಲ್ಲಿ. ಆಗ ತಿಳಿಯಿತು, ಅವಳಿಗೆ ಅಕ್ಷರವೇ ಗೊತ್ತಿಲ್ಲ. ಊರೂರು ತಿರುಗಿದ ಮಗು, ನಾನು ಹೇಳಿದ್ದನ್ನೆಲ್ಲ ಕಿವಿಯಲ್ಲೇ ಹಿಡಿದು ಒಪ್ಪಿಸುತ್ತಿತ್ತು. ನಾನು ಜೋರಾಗಿ ಹೇಳಿಕೊಟ್ಟಷ್ಟೂ ಅವಳಿಗೆ ಪುಸ್ತಕ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ಪಾಟಿಯ ಮೇಲೆ 'ಮ' ಬರೆದು ಪಕ್ಕದಲ್ಲಿ ಮರ ಬಿಡಿಸಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಅಲ್ಲಿ ದನಿ ಎಲ್ಲಿತ್ತು? ಕಾದೆ. ಕೊನೆಗೆ "ಗಿಡ" ಎಂದಳು. ಅವಳ ಕಡೆ ಮರಕ್ಕೂ ಗಿಡವೇ. ಮರ ಅಳಿಸಿ ಮನೆ ಬಿಡಿಸಿದೆ. "ಮನಿ" ಎಂದವಳು ಅಕ್ಷರದ ಮೇಲೆ ಬೆರಳಿಟ್ಟು ಮೆಲ್ಲಗೆ "ಮ" ಅಂದಳು. ಖುಷಿಗೆ ನನಗೆ ಕಿರುಚಬೇಕೆನಿಸಿತು.

ದಿನಾ ಹಾಗೇ ನಡೆಯಿತು. ಸ್ಪೀಕರು ತರಗತಿಗೆ ಕತೆ ಹೇಳುವುದು, ನಾವಿಬ್ಬರು ಪಾಟಿ ಹಿಡಿದು ಕೂರುವುದು. ಸಂಜೆ, ಅವಳು ಕಲಿತ ಅಕ್ಷರಗಳಲ್ಲೇ ಕತೆ ಬರೆ ಎಂದು ಎಐಗೆ ಟೈಪ್ ಮಾಡುತ್ತಿದ್ದೆ. ಮೊದಲು ಅದು ರಾಜಕುಮಾರಿಯನ್ನು ತಂದಿತು. ರಾಜಕುಮಾರಿ ಬೇಡ, ತಗಡಿನ ಮನೆ ಇರಲಿ, ಅಳುವ ತಮ್ಮ ಇರಲಿ ಎಂದೆ. ಬೇಸರವಿಲ್ಲದೆ ಮತ್ತೆ ಬರೆಯಿತು. ನಾನೊಬ್ಬಳೇ ಅಷ್ಟು ಕತೆ ಹೊಸೆಯಲು ಕೂತಿದ್ದರೆ ಹಬ್ಬ ಮುಗಿದೇ ಹೋಗುತ್ತಿತ್ತು.

ಹಬ್ಬ ಹತ್ತಿರ ಬಂದಾಗ ಅಪ್ಪ ಬಂದ, ಬಗಲಲ್ಲಿ ಸಣ್ಣ ಮಗ. ಹುಡುಗಿ ಒಂದು ಕತೆ ಓದಿದಳು. "ಬಾಯಿಪಾಠ ಮಾಡ್ಸೀರೇನ್ರಿ?" ಎಂದ. ಅಷ್ಟರಲ್ಲಿ ನನ್ನ ದನಿ ಮರಳಿತ್ತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಪಾಟಿಯ ಮೇಲೆ ಒಂದು ಸಾಲು ಬರೆದು ಅವಳ ಮುಂದೆ ಹಿಡಿದೆ.

ಹುಡುಗಿ ನನ್ನ ಬಾಯಿ ನೋಡಲಿಲ್ಲ. ಬೆರಳಿಟ್ಟು ತಡವರಿಸುತ್ತ ಓದಿದಳು: "ನಾನು... ದಿನಾ... ಶಾಲೆಗೆ... ಬರುತ್ತೇನೆ."

ಓದಿ ಮುಗಿಸಿದ ಮೇಲೆ ಅದರ ಅರ್ಥ ಹೊಳೆದು ಅಪ್ಪನತ್ತ ತಿರುಗಿದಳು. ಅವನು ಪಾಟಿಯನ್ನು ನೋಡಿದ. ಆಮೇಲೆ ಸಣ್ಣವನನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು, "ಇವನ್ನ ನಾ ಕರ್ಕೊಂಡು ಹೋಗ್ತೀನಿ. ನೀ ಕುಂದ್ರು," ಎಂದ.