ಹ್ಯಾಮ್‌ಸ್ಟರಿಗೊಂದು ಬಾಣಂತನ

ಪಕ್ಕದ ಮನೆಗೆ ಬಾಣಂತಿ ಬಂದಿದ್ದಾಳೆ. ಬೆಳಿಗ್ಗೆ ಕೂಸಿನ ಸ್ನಾನ ಮುಗಿಯುತ್ತಿದ್ದಂತೆ ಸಾಂಬ್ರಾಣಿ ಹೊಗೆ ನಮ್ಮ ಅಡುಗೆಮನೆಯ ಕಿಟಕಿಗೂ ಬರುತ್ತದೆ. ಆ ವಾಸನೆಗೆ ನಿಮಗೆ ಎಣ್ಣೆ ನೀರು ಹಾಕಿಸಿಕೊಂಡು ಮಲಗಿದ ಎಳೆಮಗು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಹ್ಯಾಮ್‌ಸ್ಟರ್. ನಗಬೇಡಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಸಿಂಚನ ಹಟ ಹಿಡಿದು ಮೈಸೂರಿನಿಂದ ಇಲಿಯಂಥ, ಮೋಟು ಬಾಲದ ಆ ಸಾಕುಪ್ರಾಣಿಯನ್ನು ತರಿಸಿಕೊಂಡಿದ್ದಳು. ಬಿಂಡಿಗನವಿಲೆಯಿಂದ ನಮ್ಮ ನಾಗಮಂಗಲದ ಮನೆಗೆ ಬಂದಿದ್ದ ಅತ್ತೆ ಪಂಜರ ನೋಡಿ, "ನಾವು ಇಲಿ ಹಿಡಿಯಕ್ಕೆ ಬೋನು ಇಡ್ತೀವಿ, ನೀವು ಬೋನಲ್ಲಿಟ್ಟು ಸಾಕ್ತೀರಲ್ಲವ್ವಾ!" ಎಂದರು. "ಇಲಿಯಲ್ಲ ಅತ್ತೆ, ಹ್ಯಾಮ್‌ಸ್ಟರ್" ಎಂದು ತಿದ್ದಿದೆ. ಯಾರಾದರೂ ತಪ್ಪು ಹೇಳಿದರೆ ತಿದ್ದುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಇದೊಂದು ಕಾಯಿಲೆ ಎನ್ನುತ್ತಾರೆ ನನ್ನ ಗಂಡ. ಕಾಯಿಲೆಯಲ್ಲ, ಸ್ವಭಾವ ಎಂದು ಅವರನ್ನೂ ತಿದ್ದಿದ್ದೇನೆ.

ತರುವಾಗಲೇ ಬಸುರಿಯಾಗಿತ್ತೋ ಏನೋ, ಒಂದು ಬೆಳಿಗ್ಗೆ ನೋಡಿದರೆ ಕಾಗದದ ಚೂರುಗಳ ನಡುವೆ ಕಣ್ಣು ಬಿಡದ, ಕೂದಲಿಲ್ಲದ ಕೆಂಪು ಮರಿಗಳು. ಅಂದಿನಿಂದ ಅತ್ತೆಯ ಪಾಲಿಗೆ ಇಲಿ ಬಾಣಂತಿಯಾಯಿತು. ಪಂಜರಕ್ಕೆ ತಮ್ಮ ಹಳೆಯ ಸೀರೆ ಹೊದಿಸಿ, ನೋಡಲು ಬಂದವರನ್ನು ಬಾಗಿಲಲ್ಲೇ ತಡೆದರು. ಮುಟ್ಟಬಾರದು, ಗಾಬರಿಪಡಿಸಬಾರದು, ಬೆದರಿದರೆ ತಾಯಿ ಮರಿಗಳನ್ನೇ ತಿಂದುಬಿಡಬಹುದು ಎಂದು ಸಿಂಚನ ಮೊಬೈಲು ನೋಡಿ ಹೇಳುತ್ತಿದ್ದಳು. ದಿನವೂ ಕಿವಿಗೊಟ್ಟು ಕೂತು ಅವುಗಳ ಮಾತನ್ನೂ ಕಲಿತಳು. ತಾಯಿ ಎದ್ದು ಹೋದರೆ ಮರಿಗಳು ಸಣ್ಣಗೆ ಚೀಂ ಎನ್ನುತ್ತವೆ, ಬೆಚ್ಚಗಾದರೆ ಸುಮ್ಮನಾಗುತ್ತವೆ. ತಾಯಿ ಹಲ್ಲು ಕಟಕಟ ಎನ್ನಿಸಿದರೆ ಅದಕ್ಕೆ ಭಯವಾಗಿದೆ ಎಂದರ್ಥ.

ಸಿಂಚನ ಶಾಲೆಗೆ ಹೋಗಿದ್ದಾಗ ಅತ್ತೆ, ನನ್ನ ಬಾಣಂತನದಲ್ಲಿ ಮಾಡಿದಂತೆಯೇ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಪಂಜರದ ಸುತ್ತ ಹಿಡಿದರು. ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ ಕೋಣೆ ತುಂಬ ಹೊಗೆ. ಕಟಕಟ ಹಲ್ಲು ಕಡಿಯುತ್ತ ತಾಯಿ ಒಂದೊಂದೇ ಮರಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಹೊಗೆ ಕರಗಿದಾಗ ಒಂದು ಮರಿಯೂ ಕಾಣಲಿಲ್ಲ.

"ತಿಂದ್ಬುಟ್ಲಲ್ಲವ್ವಾ! ಶೀತ ಆಗ್ದೆ ಇರ್ಲಿ ಅಂತ ಮಾಡ್ದೆ ಕಣವ್ವಾ" ಎಂದು ಅತ್ತೆ ನೆಲದ ಮೇಲೆ ಕೂತುಬಿಟ್ಟರು.

ಸಂಜೆ ಸಿಂಚನ, "ಅಜ್ಜಿ, ನೀನೇ ಸಾಯ್ಸಿದ್ದು" ಎಂದಳು. ಆಮೇಲೆ ಅಜ್ಜಿಯ ಹತ್ತಿರ ಮಾತೇ ಇಲ್ಲ. ಅತ್ತೆಯೂ ಮುದ್ದೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಗಿಗೆ ಸೀರೆ ತುಂಬಿಕೊಂಡು, "ನಮ್ಮೂರ್ ಬಸ್ಸು ಎಷ್ಟೊತ್ಗವ್ವಾ?" ಎಂದು ಕೇಳಿದರು. ಹೀಗೆ ಹೋದರೆ ಮತ್ತೆ ಬರುವವರಲ್ಲ ಎಂದು ನನಗೆ ಭಯವಾಯಿತು.

ಅಷ್ಟರಲ್ಲಿ ಪಂಜರದ ಬಳಿಯಿಂದ ಸಿಂಚನ ಕೂಗಿದಳು: "ಅಜ್ಜೀ, ಮರಿಗಳು ಕೂಗ್ತಾವೆ!"

ತಾಯಿ ಅವನ್ನು ತಿಂದಿರಲಿಲ್ಲ. ಕೆನ್ನೆಯೊಳಗಿನ ಚೀಲದಲ್ಲಿ ತುಂಬಿಕೊಂಡು ಹೋಗಿ ಮೂಲೆಯ ನಾರಿನ ಗುಡ್ಡೆಯಡಿ ಬಚ್ಚಿಟ್ಟಿತ್ತು. ಅತ್ತೆ ಬ್ಯಾಗು ಬಿಟ್ಟು ಬಂದು ಕಿವಿ ಹಚ್ಚಿದರು. "ನಂಗೇನೂ ಕೇಳಾಕಿಲ್ವಲ್ಲ ಮಗಾ." ಅಷ್ಟು ಸಣ್ಣ ದನಿ ವಯಸ್ಸಾದ ಕಿವಿಗೆ ಎಟುಕುವುದಿಲ್ಲ. ಅವರು ಮೊಮ್ಮಗಳ ಮುಖವನ್ನೇ ನೋಡುತ್ತ ನಿಂತರು. ಆ ಮುಖದಲ್ಲಿ ನಗು ಕಂಡ ಮೇಲೆಯೇ ಬ್ಯಾಗಿನಿಂದ ಸೀರೆಗಳು ಹೊರಗೆ ಬಂದದ್ದು.

ಎರಡು ದಿನವಾಗಿರಬೇಕು. ಹಿತ್ತಲ ಕರಿಬೇವಿನ ಗಿಡದಡಿ ಸಿಂಚನ ಮಣ್ಣು ಮುಚ್ಚುತ್ತಿದ್ದಳು. ಎರಡು ಮರಿ ಸತ್ತಿದ್ದವು. "ಅಜ್ಜಿಗೆ ಹೇಳ್ಬೇಡಮ್ಮ" ಎಂದಳು. ಕೈ ತೊಳೆದು ಅವಳು ಒಳಗೆ ಹೋದರೆ ಅತ್ತೆ ಪಂಜರದ ಬಳಿ ಎಂದಿನಂತೆ ಕಾಯುತ್ತಿದ್ದರು.

"ಎಲ್ಲಾ ಕೂಗ್ತಾವಾ ಮಗಾ?"

"ಎಲ್ಲಾ ಕೂಗ್ತಾವೆ ಅಜ್ಜಿ."

ಅಷ್ಟು ಚಿಕ್ಕ ಹುಡುಗಿಗೆ ಅದು ಹೇಗೆ ತಿಳಿಯಿತೋ!

ಈಗ ಅತ್ತೆ ನಮ್ಮೊಂದಿಗೇ ಇದ್ದಾರೆ. ಇವತ್ತು ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದರು. ಅತ್ತೆ ಕೂಸಿನ ಪಾದ ಸವರುತ್ತ, "ನಾನು ಮಾಡಿದ್ ಕೆಲ್ಸಕ್ಕೆ ಅವತ್ತು ಆ ಮರಿಗಳು ಉಳೀಬಾರ್ದಿತ್ತು ಕಣ್ರವ್ವಾ. ದೇವ್ರು ದೊಡ್ಡೋನು, ಒಂದೂ ಸಾಯ್ನಿಲ್ಲ" ಎಂದು, "ಅಲ್ವೇನವ್ವಾ?" ಎಂದು ನನ್ನ ಕಡೆ ತಿರುಗಿದರು.

ಬಾಗಿಲಲ್ಲಿ ನಿಂತಿದ್ದ ಸಿಂಚನ ನನ್ನನ್ನೇ ನೋಡುತ್ತಿದ್ದಳು.

"ಹೌದು ಅತ್ತೆ," ಎಂದೆ, ಅವರಿಗೆ ಕೇಳಿಸುವಷ್ಟು ಜೋರಾಗಿ, "ಒಂದೂ ಸಾಯಲಿಲ್ಲ."