ಕಿಂಡಿಯಲ್ಲಿ ಮೀನು ಹತ್ತದ ವರ್ಷ

ಜೂನ್ ೧೧, ಬೆಳಗ್ಗೆ ೯.೨೦. ಮೂರು ವರ್ಷಗಳ ಹಿಂದೆ ನಮ್ಮ ತೋಡಿನಲ್ಲಿ ಒಂದೂ ಮೀನು ಹತ್ತಲಿಲ್ಲ ಎಂದು ನಾನು ಬರೆದಿಟ್ಟಿದ್ದೇನೆ. ಅವು ಹತ್ತದಂತೆ ತಡೆದವಳು ನಾನೇ.

ಅಳದಂಗಡಿಯ ಹತ್ತಿರ ಗದ್ದೆಗಳ ನಡುವೆ ಹರಿದು ಫಲ್ಗುಣಿ ಹೊಳೆಗೆ ಸೇರುವ ಸಣ್ಣ ತೋಡು ಅದು. ಮೊದಲ ದೊಡ್ಡ ಮಳೆಗೆ ಮುಗುಡು ಮೀನುಗಳು ಮೇಲೇರಿ, ಗದ್ದೆಯ ನಿಂತ ನೀರಿಗೆ ಬಂದು ಮೊಟ್ಟೆಯಿಡುತ್ತವೆ. ಇದಕ್ಕೆ ನಾವು ಉಬರ್ ಎನ್ನುತ್ತೇವೆ. ಮೇಲಿನ ಗದ್ದೆಗಳಲ್ಲಿ ಊರವರು ಬಲೆ ಹಿಡಿದು ಕಾಯುತ್ತಿದ್ದರು. ಆದರೆ ತೋಡಿಗೆ ಅಡ್ಡವಾಗಿರುವ ಹಳೆಯ ಕಟ್ಟದ ಕಲ್ಲುಗಳ ನಡುವೆ ಇರುವ ಒಂದೇ ಕಿಂಡಿಗೆ ಯಾರೂ ಬಲೆ ಕಟ್ಟುತ್ತಿರಲಿಲ್ಲ — ಕಟ್ಟಿದರೆ ಮೇಲಿನವರಿಗೆ ಏನೂ ಉಳಿಯುವುದಿಲ್ಲ. ಹತ್ತನೇ ತರಗತಿಯಿಂದ ನಾನು ಉಬರಿನ ಬೆಳಗ್ಗೆ ಆ ಕಿಂಡಿಯ ಬಳಿ ಒಂದು ಗಂಟೆ ಕುಳಿತು ಎಣಿಸಿ, ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ೩೪. ಮರುವರ್ಷ ೨೭. ಆಮೇಲೆ ೧೯.

ಹಿಂದೆ ಮಳೆ ಹಿಡಿದರೆ ವಾರವಿಡೀ ಮೀನು ಹತ್ತುತ್ತಿತ್ತಂತೆ. ನನ್ನ ಪುಸ್ತಕದ ವರ್ಷಗಳಲ್ಲಿ ಮಳೆ ಒಂದು ದಿನ ಅಬ್ಬರಿಸಿ ಹತ್ತು ಹನ್ನೆರಡು ದಿನ ಮಾಯವಾಗುತ್ತಿತ್ತು. ಮೀನಿಗೆ ಸಿಗುವುದು ಒಂದೇ ಬೆಳಗ್ಗೆ. ಇಟ್ಟ ಮೊಟ್ಟೆಯೂ ಗದ್ದೆಯಲ್ಲೇ ಒಣಗುತ್ತಿತ್ತು. ಇದೆಲ್ಲ ಗೊತ್ತಿದ್ದವಳು ನಾನು. ತಾರೀಕು ಸಹಿತ ಗೊತ್ತಿದ್ದವಳು —

ಆ ವರ್ಷ ಮೂಡುಬಿದಿರೆಯ ಕಾಲೇಜಿನಿಂದ ನನ್ನ ಗೆಳತಿಯರು ಬಂದಿದ್ದರು. "ನಿಮ್ಮೂರಾಗ ಮೀನ ಮೆಟ್ಟಿಲ ಹತ್ತತಾವಂತ, ಖರೇ ಏನ?" ಎಂದು ವಿಜಯಪುರದವಳು ಚುಡಾಯಿಸಿದಳು. ತೋರಿಸಬೇಕೆನಿಸಿತು. ಉಬರಿನ ಬೆಳಗ್ಗೆ ಯಾರೂ ಬರುವ ಮೊದಲೇ ಕಿಂಡಿಗೆ ಅಡ್ಡಲಾಗಿ ಬಲೆ ಕಟ್ಟಿದೆ. ಅರ್ಧ ಬಾಲ್ದಿ ತುಂಬಿತು. ಮನೆಗೆ ಬಂದು ಬರೆದೆ: ಕಿಂಡಿ ದಾಟಿದ ಮೀನು — ೦. ಸುಳ್ಳಲ್ಲವಲ್ಲ, ಒಂದೂ ದಾಟಿರಲಿಲ್ಲ... ಹೀಗೆ ನನಗೆ ನಾನೇ ಹೇಳಿಕೊಂಡೆ. ಬಾಲ್ದಿಯಲ್ಲಿದ್ದವನ್ನು ಎಣಿಸಲಿಲ್ಲ. ಮರುದಿನದಿಂದ ಮಳೆಯೂ ಇಲ್ಲ.

ಗದ್ದೆಯವರು ಸೇರಿದಾಗ ನನ್ನಿಂದ ಪುಸ್ತಕ ಓದಿಸಿದರು. ಸೊನ್ನೆ ಕೇಳಿ ಎಲ್ಲರೂ ತಿರುಗಿದ್ದು ಅಬ್ಬಾಸಾಕನ ಕಡೆಗೆ. ನೆರೆಗದ್ದೆಯ ಅವರು ಬೇಸಗೆಯಲ್ಲಿ ಸೌತೆ ಬೆಳೆಯುತ್ತಿದ್ದರು. ಅವರ ಪಂಪು ಕಟ್ಟದ ಕೆಳಗೆ, ಬೇಸಗೆಯಲ್ಲಿ ಮೀನು ಉಳಿಯುವ ಗುಂಡಿಯಲ್ಲಿತ್ತು. "ಈ ಸಲ ಮೀನೆಲ್ಲ ನಿಮ್ಮ ಸೌತೆಬಳ್ಳಿಗೆ ಹತ್ತಿದೆ ಕಾಣ್ತದೆ" ಎಂದರು ಮೇಲಿನ ಗದ್ದೆಯ ವಸಂತಣ್ಣ. ಅಬ್ಬಾಸಾಕ ಅದೇ ವಾರ ಪಂಪು ತೆಗೆದರು. ನಾನು ಅಲ್ಲೇ ಇದ್ದೆ — ಬಾಯಿ ಬಿಡಲಿಲ್ಲ.

ಆ ಸೊನ್ನೆಗೆ ಹೆದರಿ ಊರು ಎದ್ದು ನಿಂತಿತು. ಡಿಸೆಂಬರಿನಲ್ಲಿ ಮರಳುಚೀಲ ಹೊತ್ತು ಆ ಗುಂಡಿಯ ಕೆಳಗೆ ಎರಡನೇ ಕಟ್ಟ ಕಟ್ಟಿದೆವು. ಏಪ್ರಿಲಿನಲ್ಲಿ ಒಣಗುತ್ತಿದ್ದ ಗುಂಡಿಯಲ್ಲಿ ಮೇ ತಿಂಗಳಲ್ಲೂ ನೀರು ನಿಂತಿತು. ಮಳೆ ಕೈಕೊಟ್ಟ ದಿನಗಳಲ್ಲೂ ಮೊಟ್ಟೆ ಒಣಗಬಾರದೆಂದು ಗದ್ದೆಗಳ ಸುತ್ತಲಿನ ಮಣ್ಣಿನ ಹುಣಿಯ ತೂತು ಮುಚ್ಚಿ ನೀರು ಹಿಡಿದೆವು. ಉಬರಿನ ಮೊದಲ ಮೂರು ದಿನ ಬಲೆಯಿಲ್ಲ ಎಂದು ಎಲ್ಲರೂ ಒಪ್ಪಿದರು. ಮರುವರ್ಷ ೮. ಹೋದ ವರ್ಷ ೨೬.

ಇವತ್ತು ಬೆಳಗ್ಗೆ — ೬೩! ಒಂದೊಂದು ಮೀನು ಹಾರಿದಾಗಲೂ ದಂಡೆಯಲ್ಲಿ ಕೇಕೆ. "ಪಂಪು ತೆಗೆಸಿದ್ದು ಸಾರ್ಥಕ ಆಯ್ತು ನೋಡಿ ಅಬ್ಬಾಸಾಕ!" ಎಂದು ವಸಂತಣ್ಣ ಖುಷಿಯಲ್ಲೇ ಕೂಗಿದರು. ಅಬ್ಬಾಸಾಕ ನಕ್ಕರು. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ. ಬದಿಗೆ ಕರೆದು ಹೇಳಿದೆ: "ಆ ವರ್ಷ ಕಿಂಡಿಗೆ ಬಲೆ ಕಟ್ಟಿದ್ದು ನಾನು."

ಅವರು ನೀರಿನಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು. "ಮೂರು ವರ್ಷ ಮಾರಾಯ್ತಿ... ನನ್ನ ಮೊಮ್ಮಗಳು ಸಹ ಕೇಳಿದ್ದಾಳೆ, ಮೀನು ಕೊಂದದ್ದು ನೀವಾ ಅಂತ." ಆಮೇಲೆ ಹೇಳಿದರು, "ನನ್ನ ಕಿವಿಯಲ್ಲಿ ಹೇಳಿದ್ರೆ ಸಾಕಾ? ನೀನು ಓದಿದ್ದು ಎಲ್ಲರ ಎದುರು ಅಲ್ವಾ?"

ಕಟ್ಟದ ಕಲ್ಲಿನ ಮೇಲೆ ನಿಂತು ಎಲ್ಲರಿಗೂ ಹೇಳಿದೆ. ಕೇಕೆ ನಿಂತಿತು. ಊರಿನ ಒಪ್ಪಂದವೇ ಮುರಿದೀತೆಂದು ಹೆದರಿದ್ದೆ.

"ಹಾಗಾದ್ರೆ ನಾವು ಮೂರು ವರ್ಷ ಉಬರಿಗೆ ಬಲೆ ಅಟ್ಟಕ್ಕೆ ಹಾಕಿದ್ದು ಸುಮ್ಮನೆಯಾ?" ವಸಂತಣ್ಣನ ಮುಖ ಕೆಂಪಾಗಿತ್ತು.

ಉತ್ತರ ಕೊಟ್ಟದ್ದು ಅಬ್ಬಾಸಾಕ. "ಸುಮ್ಮನೆಯಾ? ಕಣ್ಣು ಉಂಟಲ್ಲ, ಕೆಳಗೆ ನೋಡಿ. ಇವಳು ಬರೆದದ್ದು ಸುಳ್ಳು. ಈ ಮೀನು ಸುಳ್ಳಾ?"

ಯಾರೋ ನಕ್ಕರು, ಮತ್ತೆ ಎಲ್ಲರೂ. ವಸಂತಣ್ಣ ನನ್ನನ್ನು ನೋಡಲಿಲ್ಲ. ಅಬ್ಬಾಸಾಕನ ಹತ್ತಿರ ಹೋಗಿ ನಿಂತರು. "ಬಲೆ ಅಲ್ಲೇ ಇರ್ಲಿ. ಆದ್ರೆ ಈಗ ಎರಡು ಕಟ್ಟ ಉಂಟು, ಫೆಬ್ರವರಿವರೆಗೆ ಇವರ ಸೌತೆಗೆ ನೀರು ಬಿಡುವ." ಎಲ್ಲರೂ ಹೌದೆಂದರು. "ಬಳ್ಳಿಗೆ ನೀರು ಹಾಕ್ಲಿಕ್ಕೆ ಇವಳು ಬರ್ಬೇಕು, ತಾರೀಕು ಬರ್ಕೊಳ್ಲಿ" ಎಂದರು ಅಬ್ಬಾಸಾಕ. ಬರೆದುಕೊಂಡಿದ್ದೇನೆ.

ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಬಲೆ ಕಟ್ಟಿದ್ದೆ, ಎಣಿಸಲಿಲ್ಲ' ಎಂದು ಬರೆದೆ. ಅಬ್ಬಾಸಾಕನ ಮೂರು ಬರಿದಾದ ಬೇಸಗೆಗಳನ್ನು ಹೊಡೆದುಹಾಕಲಾಗುವುದಿಲ್ಲ. ಆ ವರ್ಷ ನಿಜಕ್ಕೂ ಎಷ್ಟು ಮೀನು ಹೊರಟಿದ್ದವೋ ನನಗೆ ಗೊತ್ತಿಲ್ಲ. ಬಂಟ್ವಾಳದ ಕಡೆಯೋ ಬೆಳ್ತಂಗಡಿಯ ಕಡೆಯೋ ನಿಮ್ಮ ತೋಡಿನಲ್ಲಿ ಉಬರ್ ನೋಡಿದವರಿದ್ದರೆ ತಾರೀಕು, ಮಳೆ, ಮೀನು — ನೆನಪಿದ್ದಷ್ಟು ನನಗೆ ಬರೆದು ತಿಳಿಸಿ. ಹಿಡಿದಿದ್ದರೆ, ಅದನ್ನೂ ಬರೆಯಿರಿ.